ಬೈಗುಳದ ಪೆಟ್ಟಿಗೆ

ನನ್ನ ಹೆಂಡತಿ ಪ್ರತಿ ಶನಿವಾರ ಸಂಜೆ ನಾಲ್ಕು ಗಂಟೆಗೆ ಬೈಯುತ್ತಿದ್ದಳು. ಮನೆಯಲ್ಲಲ್ಲ, ಬೀದಿಯಲ್ಲಿ. ದವಾಖಾನೆಯ ಎದುರಿನ ಮೂಲೆಯಲ್ಲಿ ಹಣ್ಣು ತುಂಬುವ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಅಡುಗೆಮನೆಯ ಪುಟ್ಟ ಗಡಿಯಾರಕ್ಕೆ ಹತ್ತು ನಿಮಿಷದ ಕೀಲಿ ಕೊಟ್ಟು ಶುರು ಮಾಡುತ್ತಿದ್ದಳು. ಗಂಟೆ ಬಾರಿಸಿತೆಂದರೆ ಮಾತಿನ ನಡುವೆಯೇ ನಿಲ್ಲಿಸಿ ಇಳಿದುಬಿಡುತ್ತಿದ್ದಳು. ಆಮೇಲೆ ಬೇಕಾದವರು ಹತ್ತಬಹುದಿತ್ತು.

ಬೈಗುಳಕ್ಕೆ ಅವಳದೇ ಒಂದು ಕಟ್ಟುಪಾಡಿತ್ತು. ಮನುಷ್ಯರನ್ನು ಬೈಯಬಾರದು, ವಸ್ತುವನ್ನು ಬೈಯಬೇಕು. ಒಡೆದ ನಲ್ಲಿ, ಉರಿಯದ ಬೀದಿದೀಪ, ಕಚೇರಿಯ ಖಾಲಿ ಕುರ್ಚಿ. "ಏನೋ ಕುರ್ಚಿ, ಧೂಳಾದ್ರೂ ದಿನಾ ತಪ್ಪದೆ ಬಂದು ನಿನ್ನ ಮೇಲೆ ಕೂತ್ಕೊಳ್ಳುತ್ತೆ, ನಿನ್ನ ಯಜಮಾನ ಎಲ್ಲೋ?" ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ನಗುತ್ತಲೇ ಅರ್ಜಿಗೆ ಸಹಿ ಹಾಕುತ್ತಿದ್ದರು. ನಲ್ಲಿ ರಿಪೇರಿಯಾಯಿತು. ದೀಪ ಉರಿಯಿತು.

ಆ ಹೊತ್ತಿಗೆ ಸರಿಯಾಗಿ ನಾನು ಮನೆಯಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದೆ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ ಬದುಕಿದವನು ನಾನು. ಅದು ಸದ್ದಿಲ್ಲದ ಕೆಲಸ. ಹೆಂಡತಿ ಬೀದಿಯಲ್ಲಿ ನಿಂತು ಗಂಟಲು ಹರಿದುಕೊಳ್ಳುವುದು ನನಗೆ ತಲೆತಗ್ಗಿಸುವ ಸಂಗತಿಯಾಗಿತ್ತು. ಒಂದು ಸಲವೂ ಹೋಗಿ ಕೇಳಲಿಲ್ಲ.

"ರೀ, ನೀವು ದೇವರ ಮುಂದೆ ಕೂತು ಬೇಡ್ಕೊಳ್ತೀರಿ, ನಾನು ಜನರ ಮುಂದೆ ನಿಂತು ಬೇಡ್ಕೊಳ್ತೀನಿ. ನನ್ನದು ಸ್ವಲ್ಪ ಗಟ್ಟಿ, ಅಷ್ಟೇ," ಎನ್ನುತ್ತಿದ್ದಳು.

ಕೊನೆಯ ಒಂಬತ್ತು ತಿಂಗಳು ಅವಳ ಬೈಗುಳವೆಲ್ಲ ದವಾಖಾನೆಯ ಮೆಟ್ಟಿಲುಗಳಿಗೆ. ಹೊರಗಿನಿಂದ ಮಹಡಿಗೆ ಹತ್ತುವ ಇಪ್ಪತ್ತೆರಡು ಕಲ್ಲಿನ ಮೆಟ್ಟಿಲು. ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ. ಮುದುಕರು ಅಂಬೆಗಾಲಿಟ್ಟು ಹತ್ತುತ್ತಿದ್ದರು. ಕಡೆಗೆ ಅವಳ ಎದೆಯೇ ಸೋತಾಗ ಅವಳೂ ಅದನ್ನೇ ಹತ್ತಬೇಕಾಯಿತು. ಹನ್ನೊಂದು ಸಲ ಹತ್ತಿದಳು. ಹನ್ನೆರಡನೆಯ ಸಲ ಬೇಕಾಗಲಿಲ್ಲ.

ಅವಳು ಹೋಗಿ ಎರಡು ಶನಿವಾರ ಕಳೆದಿದ್ದವು. ಮೂರನೆಯ ಶನಿವಾರ ಮಧ್ಯಾಹ್ನ ನಮ್ಮ ಬೀದಿಯ ಟೈಲರಮ್ಮ ಒಂದು ಕಾಗದ ಹಿಡಿದು ಬಂದಳು. ಹಿಂದೆ ಚಪ್ಪಲಿ ಹೊಲಿಯುವವನು, ತಲೆಯ ಮೇಲೆ ಅದೇ ಪೆಟ್ಟಿಗೆ.

"ತಾತ, ಆ ಮೂಲೇಲಿ ಮಾತಾಡೋಕೆ ಊರ ಕಚೇರಿಯೋರು ಕೊಟ್ಟಿರೋ ಅನುಮತಿ ಇದು. ಮೂರು ವಾರ ಸತತ ಖಾಲಿ ಬಿಟ್ರೆ ರದ್ದು ಅಂತ ಬರ್ದಿದಾರೆ. ಇವತ್ತು ಮೂರನೇದು. ಶುರು ಮಾಡೋರು ಅಮ್ಮಾನೇ ಆಗ್ಬೇಕು, ಇಲ್ಲಾ ಅವರ ಮನೆಯವರು ಆಗ್ಬೇಕಂತೆ."

"ಮನೆಯವರು ಅಂದ್ರೆ ನಾನೊಬ್ಬನೇ."

"ಅದಕ್ಕೇ ಬಂದಿರೋದು."

"ನಂಗೆ ಬೈಯೋಕೆ ಬರಲ್ಲಮ್ಮ."

"ಇಷ್ಟು ವರ್ಷ ಸಂಸಾರ ಮಾಡಿ ಬೈಯೋಕೆ ಬರಲ್ವಾ?" ಎಂದ ಚಪ್ಪಲಿ ಹೊಲಿಯುವವನು.

"ಬೈಸ್ಕೊಂಡು ಅಭ್ಯಾಸ ಕಣಪ್ಪಾ."

ಇಬ್ಬರೂ ನಕ್ಕರು. ಟೈಲರಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹೋಗದೆ ವಿಧಿಯಿರಲಿಲ್ಲ. ಅವಳ ಮೂಲೆ ನನ್ನ ಕೈಯಲ್ಲಿ ಮುಚ್ಚಿಹೋಗಬಾರದಿತ್ತು.

ಮೂಲೆಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ದೀಪದ ಕಂಬದ ಕೆಳಗೆ ಊರ ಕಚೇರಿಯ ಗುಮಾಸ್ತರು ಪ್ರತಿ ವಾರದಂತೆ ದಫ್ತರ ತೆರೆದು ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಪೆಟ್ಟಿಗೆ ಹತ್ತಿದೆ.

"ಚಪ್ಪಲಿ ಬಿಟ್ಟು ಬೈಯೋರನ್ನ ಇವತ್ತೇ ನೋಡಿದ್ದು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಗಡಿಯಾರಕ್ಕೆ ಕೀಲಿ ಕೊಟ್ಟೆ. ಅಭ್ಯಾಸಬಲದಿಂದ ಕೈ ಮುಗಿದೆ, ಕಣ್ಣು ಮುಚ್ಚಿದೆ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. "ತಾತ, ಬೈಗುಳ, ಬೈಗುಳ!" ಎಂದು ಟೈಲರಮ್ಮ ಪಿಸುಗುಟ್ಟಿದಳು. ಕಣ್ಣು ತೆರೆದರೆ ಎದುರಿಗೆ ಮೆಟ್ಟಿಲುಗಳು.

"ಮೊದಲನೇ ಮೆಟ್ಟಿಲೇ," ಎಂದೆ. ಮುಂದೆ ಬೈಗುಳ ಬರಲಿಲ್ಲ. ಬಂದದ್ದೇ ಬೇರೆ.

"ನಿನ್ನ ಹತ್ರ ನನ್ನವಳಿಗೆ ಕೈ ಕೊಟ್ಟೋಳು ಈ ಟೈಲರಮ್ಮ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಓಡಿ ಬರ್ತಿದ್ಲು. ದೇವರು ಅವಳನ್ನ ತಣ್ಣಗಿಟ್ಟಿರ್ಲಿ. ಐದನೇ ಮೆಟ್ಟಿಲೇ, ಅಲ್ಲಿ ಬೇಕರಿಯವನ ಭುಜ. ಅವಳ ಕಪ್ಪು ಶಾಲಿನಲ್ಲಿ ಇವತ್ತಿಗೂ ಹಿಟ್ಟಿನ ಕೈಗುರುತಿದೆ, ನಾನು ಒಗೆದಿಲ್ಲ. ಒಂಬತ್ತನೇದರಲ್ಲಿ ಚಪ್ಪಲಿ ಹೊಲಿಯೋನು ಬಗ್ಗಿ ಅವಳ ಪಾದ ಎತ್ತಿಟ್ಟ, ಮಗೂದು ಎತ್ತಿಟ್ಟ ಹಾಗೆ. ಹದಿನಾಲ್ಕರಲ್ಲಿ ಅಂಚೆಯವನು ಚೀಲ ಕೆಳಗಿಟ್ಟು ಸೊಂಟ ಹಿಡ್ಕೊಂಡ. ಹದಿನೆಂಟನೇ ಮೆಟ್ಟಿಲೇ, ಅಲ್ಲಿ ಅವಳು ಹಿಡ್ಕೊಂಡಿದ್ದು ಈ ಗುಮಾಸ್ತರ ಮೊಣಕೈ. ವಾರವಾರ ಅವಳ ಬೈಗುಳ ಬರ್ಕೊಂಡ ಕೈ ಅದೇ."

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು.

"ನಾನು ಔಷಧಿ ಚೀಲ ಹಿಡಿದು ಹಿಂದೆ ಬರ್ತಿದ್ದೆ. ಎಲ್ಲಾ ನೋಡ್ದೆ, ಯಾರಿಗೂ ಒಂದು ಮಾತು ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ. ನೀವೆಲ್ಲ ಕೆಲಸ ಬಿಟ್ಟು ಬಂದು ಕಂಬಿ ಆದ್ರಿ. ನಿಮ್ಮ ಋಣ ದೊಡ್ಡದು. ಆದ್ರೆ ನೀವ್ಯಾರೂ ಇಲ್ಲದ ದಿನ ಹತ್ತೋರು..."

ಗಂಟೆ ಬಾರಿಸಿತು. ಅವಳ ಕಟ್ಟುಪಾಡಿನಂತೆ ಅಲ್ಲಿಗೇ ನಿಲ್ಲಿಸಿ ಇಳಿದೆ.

ಪೆಟ್ಟಿಗೆಯನ್ನು ಬೇರೆ ಯಾರೂ ಹತ್ತಲಿಲ್ಲ. ಟೈಲರಮ್ಮ ರಸ್ತೆ ದಾಟಿ ಮೊದಲನೆಯ ಮೆಟ್ಟಿಲ ಮೇಲೆ ಹೋಗಿ ನಿಂತಳು. ಬೇಕರಿಯವನು ಐದನೆಯದಕ್ಕೆ ಹೋದ. ನಡುವಿನ ಮೆಟ್ಟಿಲುಗಳಿಗೆ ಒಬ್ಬೊಬ್ಬರಾಗಿ ಹತ್ತಿದರು. ಕೆಳಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಭುಜದಿಂದ ಭುಜಕ್ಕೆ ಕೈಯಿಡುತ್ತ ಮೇಲಕ್ಕೆ ಹೊರಟಳು. ಗುಮಾಸ್ತರು "ಜಾಗ ಬಳಕೆಯಲ್ಲಿದೆ" ಎಂದು ಬರೆದು, ದಫ್ತರ ಮುಚ್ಚಿ, ಹದಿನೆಂಟನೆಯದಕ್ಕೆ ಹತ್ತಿದರು.

"ಸ್ವಾಮಿ, ಕಚೇರಿಗೆ ಗೊತ್ತಾದ್ರೆ?" ಎಂದ ಚಪ್ಪಲಿ ಹೊಲಿಯುವವನು.

"ಕಂಬಿ ಇಲ್ಲ ಅಂತ ಒಂಬತ್ತು ತಿಂಗಳಿಂದ ನಾನೇ ಬರ್ದು ಕಳಿಸ್ತಿದೀನಿ. ಇದಾದ್ರೂ ಗೊತ್ತಾಗ್ಲಿ ಬಿಡಯ್ಯ."

ಏಳು ಶನಿವಾರ ಹಾಗೆ ನಿಂತೆವು. ಎಂಟನೆಯ ವಾರ ಕೆಲಸದವರು ಬಂದು ಕಲ್ಲು ಕೊರೆದು ಕಬ್ಬಿಣದ ಕಂಬಿ ಹಾಕಿದರು. ಅದನ್ನು ಹಿಡಿದು ಇಪ್ಪತ್ತೆರಡೂ ಹತ್ತಿ ಇಳಿದೆ, ಸುಮ್ಮನೆ. ಹದಿನೆಂಟರಲ್ಲಿ ಸ್ವಲ್ಪ ಹೊತ್ತು ನಿಂತೆ.

ಈಗ ಶನಿವಾರ ನನ್ನ ಪ್ರಾರ್ಥನೆ ಮೂರು ಗಂಟೆಗೆ. ಒಂದು ಸಲವೂ ಬಂದು ಕೇಳದ ಗಂಡನಿಗೆ ಅವಳ ಪೆಟ್ಟಿಗೆಯ ಮೇಲೆ ವಾರಕ್ಕೆ ಹತ್ತು ನಿಮಿಷ ಕೊಟ್ಟಿರುವ ದೇವರು ದೊಡ್ಡವನು. ಮುಗಿಸಿ, ಗಡಿಯಾರ ಜೇಬಿಗೆ ಹಾಕಿಕೊಂಡು ಹೊರಡುತ್ತೇನೆ. ಬೈಯಲು ಇನ್ನೂ ಸರಿಯಾಗಿ ಬಂದಿಲ್ಲ.