ಹಬ್ಬದ ದಿನ ತೆಗೆದ ನಕಲು

ಕಂಪ್ಯೂಟರನ್ನು ಅರ್ಧ ನಿಮಿಷದಲ್ಲಿ ಎಬ್ಬಿಸಿದವಳು ನಾನು, ಸೀತಾಲಕ್ಷ್ಮಿ. ಆಗ ಎಷ್ಟು ಬೀಗಿದ್ದೆ ಅಂತ ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

೧೯೮೬ರ ಮಾತು. ಪೀಣ್ಯದ ನಮ್ಮ ಪ್ಲೇಟಿಂಗ್ ಕಾರ್ಖಾನೆಯಲ್ಲಿ ಇದ್ದುದು ಒಂದೇ ಕಂಪ್ಯೂಟರ್. ಆದರೆ ಅದರ ಹೊಟ್ಟೆಯೊಳಗೆ ಮೂರು ಬೇರೆ ಬೇರೆ ಕಂಪ್ಯೂಟರ್‌ಗಳಿದ್ದಂತೆ ಕೆಲಸ ನಡೆಯುತ್ತಿತ್ತು. ಪುಸ್ತಕದಲ್ಲಿ ಅವುಗಳ ಹೆಸರು ವರ್ಚುಯಲ್ ಮಷೀನ್. ಒಂದು ಸ್ಟೋರ್ಸಿಗೆ, ಒಂದು ಆರ್ಡರುಗಳಿಗೆ, ಮೂರನೆಯದು ಶೆಡ್ಡಿನ ಗಾಳಿ ಕಾಯುವುದಕ್ಕೆ. ಅಲ್ಲಿ ಲೋಹಕ್ಕೆ ಲೇಪ ಹಾಕುವ ರಾಸಾಯನಿಕದ ತೊಟ್ಟಿಗಳಿಂದ ವಿಷಗಾಳಿ ಎದ್ದರೆ ಅದು ಗಂಟೆ ಬಾರಿಸಬೇಕು. ಗಂಟೆ ಕೇಳಿದವರು ಕೈಲಿದ್ದದ್ದು ಬಿಟ್ಟು ಹೊರಗೆ ಓಡಬೇಕು.

ಪೀಣ್ಯದ ಕರೆಂಟಿನ ಕಥೆ ಕೇಳಬೇಡಿ. ದಿನಕ್ಕೆ ನಾಲ್ಕು ಸಲ ಹೋಗುವುದು, ಬಂದಾಗಲೆಲ್ಲ ಈ ಮೂರೂ ಒಂದೊಂದಾಗಿ ಮೈಮುರಿದು ಏಳಲು ಅರ್ಧ ಗಂಟೆ. ಮೆಮೊರಿಯೂ ಸಾಲದು, ಏಕೆಂದರೆ ಒಂದೇ ಸಾಮಾನನ್ನು ಮೂರೂ ಬೇರೆ ಬೇರೆ ಹೊತ್ತುಕೊಂಡು ಕೂತಿದ್ದವು. ಮ್ಯಾನೇಜರ್ ಕೃಷ್ಣಸ್ವಾಮಿ ದಿನಾ ನನ್ನ ತಲೆ ತಿನ್ನುತ್ತಿದ್ದರು. ನಾನೊಂದು ಉಪಾಯ ಹುಡುಕಿದೆ. ಪೂರ್ತಿ ಎದ್ದು ನಿಂತ ಯಂತ್ರಗಳ ಮೆಮೊರಿಯನ್ನು ಇದ್ದ ಹಾಗೇ ಡಿಸ್ಕಿನ ಮೇಲೆ ನಕಲು ಮಾಡಿಡುವುದು, ಕರೆಂಟು ಬಂದಾಗ ಆ ನಕಲಿನಿಂದಲೇ ಎಬ್ಬಿಸುವುದು. ಮೂರಕ್ಕೂ ಸಮಾನವಾದ ಭಾಗ ಒಂದೇ ಕಡೆ ಇದ್ದರೆ ಸಾಕು.

ಆ ನಕಲು ತೆಗೆಯಲು ಕೆಲಸ ನಿಂತಿರುವ ದಿನ ಬೇಕಿತ್ತು. ಸಿಕ್ಕಿದ್ದು ಆಯುಧಪೂಜೆ. ತೊಟ್ಟಿಗಳಿಗೆಲ್ಲ ಅರಿಶಿನ ಕುಂಕುಮ, ಬಾಗಿಲಲ್ಲಿ ಬೂದುಗುಂಬಳ, ಶೆಡ್ಡಿನ ತುಂಬ ಸಾಂಬ್ರಾಣಿ. ಹೊಗೆಗೂ ವಿಷಗಾಳಿಗೂ ನಮ್ಮ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಮಂಗಳಾರತಿಯ ಹೊತ್ತಿಗೆ ಪ್ರತಿ ವರ್ಷ ಅರಚಿಕೊಳ್ಳುತ್ತಿತ್ತು. ಅದಕ್ಕೇ ತೊಟ್ಟಿಗಳನ್ನು ನೋಡಿಕೊಳ್ಳುವ ಮಾಕಳಿಯ ಲಕ್ಷ್ಮಣಪ್ಪ ಬಂದು, ಪೂಜೆ ಮುಗಿಯುವವರೆಗೆ ಗಂಟೆಯ ಬಾಯಿ ಕಟ್ಟಿ ಅಂತ ಕೇಳಿಕೊಂಡ. ಕಂಪ್ಯೂಟರಿಗೆ ಒಂದು ಆದೇಶ ಕೊಟ್ಟು ಕಟ್ಟಿದೆ. ನಕಲು ತೆಗೆದೆ. ಪೂಜೆ ಮುಗಿದ ಮೇಲೆ ಬಿಚ್ಚಿದೆ, ಬಾರಿಸಿಯೂ ನೋಡಿದೆ. ಎಲ್ಲ ಸರಿಯಾಗಿತ್ತು. ಚರುಪು ತಿಂದು ಮನೆಗೆ ಹೋದೆ.

ಮರುದಿನದಿಂದ ನನ್ನ ಕೊಂಬು ಮುಗಿಲಿಗೆ. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿದಿತ್ತು. ಕೃಷ್ಣಸ್ವಾಮಿ ಎಲ್ಲರ ಮುಂದೆ ಹೊಗಳಿದರು.

ಮೂರು ವಾರದ ಮೇಲೆ, ಒಂದು ಮಧ್ಯಾಹ್ನ, ಲಕ್ಷ್ಮಣಪ್ಪ ಹಣೆ ಒತ್ತಿಕೊಳ್ಳುತ್ತ ಬಂದ. ನಾಲ್ಕು ದಿನದಿಂದ ತಲೆನೋವು, ಜೊತೆಯವರಿಗೂ ಅಷ್ಟೇ ಅಂದ. ಆಮೇಲೆ ನಕ್ಕ.

"ಅಬ್ಬದ ಮ್ಯಾಕೆ ಗಂಟೆ ಒಂದ್ಸಲಾನೂ ಬಾಯಿ ಬಿಟ್ಟಿಲ್ಲ ಕಣಮ್ಮ. ಮೊದ್ಲು ವಾರಕ್ಕೆರಡು ಸಲ ಬಡ್ಕೊತಿತ್ತು. ನಿಮ್ ಕೈಗುಣ."

ಆಗ ನನಗೆ ಹೊಳೆಯಿತು. ಬಾಯಿ ಕಟ್ಟಿದಾಗ ತೆಗೆದ ನಕಲು. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಆ ಹಬ್ಬದ ಬೆಳಗಿಗೇ ಎದ್ದು ಕೂರುತ್ತಿತ್ತು, ಬಾಯಿ ಕಟ್ಟಿಕೊಂಡು.

ಕೃಷ್ಣಸ್ವಾಮಿ ಪಕ್ಕದಲ್ಲೇ ನಿಂತಿದ್ದರು. ಅವರೆದುರು ತಪ್ಪು ನನ್ನದು ಅನ್ನಲು ನಾಲಿಗೆ ಹೊರಳಲಿಲ್ಲ. ದರಿದ್ರ ಜಂಬ.

"ಸುಮ್ನೆ ಒಂದ್ಸಲ ಗಂಟೆ ಬಾರ್ಸಿ ನೋಡ್ತೀನಿ, ಲಕ್ಷ್ಮಣಪ್ಪ. ಯಾರೂ ಗಾಬರಿಯಾಗ್ಬೇಡಿ ಅಂತ ಹೇಳ್ಬಿಡು," ಅಂದೆ.

ಅವನು ತಲೆಯಾಡಿಸಿ ಶೆಡ್ಡಿಗೆ ಹೋದ. ನಾನು ಮೊದಲು ಕಟ್ಟು ಬಿಚ್ಚುವ ಆದೇಶ ಒತ್ತಿದೆ. ಬಾರಿಸುವ ಆದೇಶ ಇನ್ನೂ ಕೊಟ್ಟಿರಲಿಲ್ಲ.

ಗಂಟೆ ತಾನಾಗಿಯೇ ಹೊಡೆಯತೊಡಗಿತು. ನಿಲ್ಲಲಿಲ್ಲ.

ಕಿಟಕಿಗೆ ಓಡಿದೆ. ಅಂಗಳದ ಆಚೆ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ಹನ್ನೊಂದು ಜನ. ಲಕ್ಷ್ಮಣಪ್ಪ ನಾನು ಹೇಳಿದ್ದನ್ನು ಎಲ್ಲರಿಗೂ ಚಾಚೂ ತಪ್ಪದೆ ಹೇಳಿದ್ದ. ಒಬ್ಬರೂ ಹೊರಗೆ ಬರಲಿಲ್ಲ.