ಬಲಗಡೆಗೆ ಹೊರಳುವ ತಟ್ಟೆ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ: ತಿಮ್ಮರಾಯಪ್ಪ. ಬಾಗೂರಿನಿಂದ ಮಾಡದಕೆರೆಯವರೆಗೆ ಕುರಿ ಕಾಯುವವರಲ್ಲಿ ಅವನಷ್ಟು ದೂರ ಕವಣೆಗಲ್ಲು ಬೀಸುವವರು ಇರಲಿಲ್ಲ. ಅದಕ್ಕೇ ಅವನಿಗೆ ಗೊತ್ತಿದ್ದ ಮದ್ದೂ ಒಂದೇ. ಯಾವ ಕೆಲಸ ಕೈಗೂಡಲಿಲ್ಲವೋ ಅದಕ್ಕೆ ಇನ್ನಷ್ಟು ಜೋರು ಹಾಕುವುದು. ಹಗ್ಗದ ಗಂಟು ಬಿಚ್ಚಲು ಹೋಗಿ ಹಗ್ಗವನ್ನೇ ಹರಿದು ತರುವ ಜಾತಿಯ ಗಂಡಸು.

ಎಪ್ಪತ್ನಾಲ್ಕನೇ ಇಸವಿ. ನಮ್ಮ ಕುರಿಗಳು ಮರಿ ಹಾಕುವ ಕಾಲ, ನನಗೂ ದಿನ ತುಂಬಿತ್ತು. ಬಾಗೂರಿನಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದ ದೊಡ್ಡ ಮಗಳನ್ನು ನಾನು ಹೊಲದ ಬದುವಿನ ಮೇಲೆ, ಕಂಬಳಿ ಮರೆ ಮಾಡಿಕೊಂಡು ಹೆತ್ತವಳು. ಇನ್ನೊಂದು ಸಲ ಹಾಗೆ ಹೆರುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದಿದ್ದೆ. ಮಾಡದಕೆರೆಯ ಈರಬಸಪ್ಪ ಗೌಡರ ತೆಂಗಿನ ತೋಟದಲ್ಲಿ ಹೆಂಚು ಹೊದಿಸಿದ ಪಂಪಿನ ಮನೆಯೊಂದಿತ್ತು. ತೋಟದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿದರೆ ಗೊಬ್ಬರ ಗೌಡರಿಗೆ, ನೆರಳು ನೀರು ಕುರಿಗಳಿಗೆ, ಆ ಪಂಪಿನ ಮನೆ ಕುರಿಯವರಿಗೆ. ನನಗೆ ಬೇಕಾಗಿದ್ದುದು ಆ ಸೂರು.

ನನ್ನ ಗಂಡನೋ ದಾರಿಯುದ್ದಕ್ಕೂ ಕುರಿಗಳ ಚಿಂತೆಯನ್ನೇ ಮಾಡಿದ. “ಕರಿ ಕುರಿ ಎರಡು ಮರಿ ಹಾಕ್ತೈತೆ, ತಂಪು ಬೇಕು” ಅನ್ನುವನು. ನನ್ನ ಹೊಟ್ಟೆಯ ಬಗ್ಗೆ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೋಟ ಮುಟ್ಟಿದರೆ ಅಲ್ಲಿ ಕರಿಯಣ್ಣ. ಹೊಳಲ್ಕೆರೆ ಕಡೆಯ ಕುರಿಯವನು, ಒಣಗಿದ ಜೋಳದ ದಂಟಿನಂಥ ಆಳು, ಅವನೂ ಅದೇ ಬೆಳಿಗ್ಗೆ ಮಂದೆ ಹೊಡೆದುಕೊಂಡು ಬಂದಿದ್ದ. ತೋಟ ಒಂದು, ಮಂದೆ ಎರಡು. ಇಂಥ ಜಗಳ ಬಂದರೆ ನಮ್ಮಲ್ಲಿ ಕಲ್ಲು ಎಸೆದು ತೀರ್ಮಾನಿಸುವುದು ವಾಡಿಕೆ. ಯಾರ ಕಲ್ಲು ದೂರ ಬಿತ್ತೋ ಅವರ ಮಂದೆ ಒಳಗೆ. ನನ್ನ ಗಂಡ ಆಗಲೇ ತೋಳು ಮಡಚುತ್ತಿದ್ದ.

“ಕಲ್ಲು ಬ್ಯಾಡ್ರಿ ಗೌಡ್ರೆ” ಎಂದ ಕರಿಯಣ್ಣ. “ಕಲ್ಲಿನಾಗೆ ಇವನು ಗೆಲ್ಲೋದು ಕುರಿಗೂ ಗೊತ್ತೈತೆ. ಇಬ್ಬರಿಗೂ ಹೊಸದಾಗಿರೋದು ಏನಾನ ಕೊಡ್ರಿ.”

ಗೌಡರಿಗೆ ತಮಾಷೆ ಬೇಕಾಗಿತ್ತು. ಅವರ ಅಂಗಳದಲ್ಲಿ ಕೋಳಿಮರಿಗಳು ಕಾಳು ತಿನ್ನುವ ಒಂದು ಕೆಂಪು ಪ್ಲಾಸ್ಟಿಕ್ ತಟ್ಟೆಯಿತ್ತು. ಕೋಳಿ ಸಾಕುವುದನ್ನು ಕಲಿಸಲು ಬಂದು ಅವರ ಮಹಡಿಯಲ್ಲಿದ್ದ ಅಮೆರಿಕದ ಹುಡುಗ ಬಿಟ್ಟು ಹೋದದ್ದು. ನಾಯಿ ಕಚ್ಚಿ, ಬಿಸಿಲು ತಿಂದು ಅದರ ಅಂಚೆಲ್ಲ ಸವೆದಿತ್ತು. ಹೊಟ್ಟೆಯ ಹತ್ತಿರದಿಂದ ಪಕ್ಕಕ್ಕೆ ಬೀಸಿ ಬಿಟ್ಟರೆ ಇದು ಹಕ್ಕಿಯಂತೆ ಹಾರುತ್ತದೆ ಎಂದು ಗೌಡರು ಕೈಯಾಡಿಸಿ ತೋರಿಸಿದರು. ಮುಂದಿನ ಸೋಮವಾರ ಒಬ್ಬೊಬ್ಬರಿಗೆ ಒಂದೇ ಎಸೆತ. ಅಲ್ಲಿಯವರೆಗೆ ಇಬ್ಬರೂ ಬೀಳು ಹೊಲದಲ್ಲಿ ಬಿಡಾರ ಹೂಡಿ, ತಟ್ಟೆಯನ್ನು ಸರದಿಯಂತೆ ಇಟ್ಟುಕೊಂಡು ಕಲಿಯುವುದು.

ಕರಿಯಣ್ಣ ಎಸೆದ. ಅವನ ಕೈಯಲ್ಲಿ ಕಸುವಿಲ್ಲ. ತಟ್ಟೆ ನೇರವಾಗಿ, ಯಾವ ಅವಸರವೂ ಇಲ್ಲದೆ ಹೋಗಿ, ಒಳ್ಳೆ ದೂರದಲ್ಲೇ ಕೂತಿತು. ನನ್ನ ಗಂಡ ನಕ್ಕು, ಕಾಲೂರಿ ಬೀಸಿದ. ತಟ್ಟೆ ಹಾರಿದ್ದೇನೋ ಗುಂಡಿನಂತೆ. ಆಮೇಲೆ ಬಲಕ್ಕೆ ವಾಲಿತು, ಇನ್ನೂ ವಾಲಿತು, ಮಗುಚಿಕೊಂಡು ಜಾಲಿಬೇಲಿಗೆ ನುಗ್ಗಿತು. ಇನ್ನಷ್ಟು ಜೋರಾಗಿ ಬೀಸಿದ. ಇನ್ನಷ್ಟು ಬೇಗ ಬೇಲಿ ಸೇರಿತು. ಗೌಡರ ಆಳು ಓಬಯ್ಯ ಎಡಚ. ಅವನೂ ಕಸುವಿನವನೇ, ಆಸೆಪಟ್ಟು ಎಸೆದರೆ ಅದು ಎಡಗಡೆ ಹೊರಳಿ ಹುಲ್ಲಿನ ಬಣವೆಗೆ ಬಡಿಯಿತು.

“ತಟ್ಟೆಗೆ ದೆವ್ವ ಹಿಡಿದೈತೆ” ಎಂದ ನನ್ನ ಗಂಡ. ದೆವ್ವ ಕರಿಯಣ್ಣನನ್ನು ಯಾಕೆ ಬಿಟ್ಟಿತು ಎಂದು ನಾನು ಕೇಳಿದರೆ, ತಟ್ಟೆ ತರಲು ಬಣವೆಯ ಕಡೆಗೆ ನಡೆದ.

ದಿನಗಳು ಕಳೆದವು. ಅವನ ತೋಳು ಬಾತುಕೊಂಡಿತು, ಮುಂಗೈ ತುಂಬ ಜಾಲಿಮುಳ್ಳಿನ ಗೀರು. ಒಂದು ಮಧ್ಯಾಹ್ನ ತಟ್ಟೆ ನನ್ನ ಕಾಲ ಬಳಿ ಬಿತ್ತು. ಎತ್ತಿ ಅವನ ಕಡೆಗೆ ಎಸೆದೆ. ತೋಳು ಬೀಸಲು ನನಗೆ ಜಾಗವೆಲ್ಲಿ, ಮುಂದೆ ಇಷ್ಟು ದಪ್ಪ ಹೊಟ್ಟೆ. ಬರೀ ಮಣಿಕಟ್ಟು ತಿರುಗಿಸಿ ಬಿಟ್ಟೆ ಅಷ್ಟೇ. ತಟ್ಟೆ ಒಂಚೂರು ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬಂದು, ಅವನ ತಲೆಯ ಮೇಲೆ ಹಾಯ್ದು, ಆಚೆ ಮೇಯುತ್ತಿದ್ದ ಕತ್ತೆಯ ಹತ್ತಿರ ಇಳಿಯಿತು.

ಅವನು ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. “ಗಾಳಿ” ಎಂದ. ಎಲೆ ಅಲ್ಲಾಡುತ್ತಿರಲಿಲ್ಲ.

“ಮೆತ್ತಗೆ ಎಸಿ, ಅಷ್ಟೇಯ” ಎಂದೆ. ಮೆತ್ತಗೆ ಎಸೆಯಲು ಅವನಿಂದ ಆಗಲೇ ಇಲ್ಲ. ಮೆತ್ತಗೆ ಎಂದು ಎಸೆದದ್ದು ಕಾಲ ಬುಡದಲ್ಲೇ ಬಿತ್ತು, ಮರುಕ್ಷಣ ಸಿಟ್ಟಿಗೆದ್ದು ಎಸೆದದ್ದು ಬೇಲಿಗೆ. ಆ ಕೈಗೆ ನಡುವಿನ ಜೋರು ಅನ್ನುವುದೇ ಗೊತ್ತಿರಲಿಲ್ಲ.

ಭಾನುವಾರ ಸಂಜೆ ನಾನೇ ಹೇಳಿದೆ, “ನಮ್ಮ ಕತ್ತೆ ಬಲಕ್ಕೆ ವಾಲ್ತೈತೆ ಅಂತ ನಾವು ಹೇರನ್ನ ಎಡಕ್ಕೆ ಜಗ್ಗಿ ಕಟ್ಟಲ್ವಾ? ತಟ್ಟೇನೂ ಎಡಗಡೆ ಅಂಚು ತಗ್ಗಿಸಿ ಬಿಡು. ಎಷ್ಟು ಜೋರು ಬೇಕೋ ಹಾಕು. ವಾಲ್ತಾ ವಾಲ್ತಾ ಸಮ ಆಗ್ತೈತೆ.”

“ತಟ್ಟೆ ಏನು ಕತ್ತೇನ?”

“ತಟ್ಟೆ ಅಲ್ಲ” ಎಂದೆ. ಅವನು ಕಂಬಳಿ ಹೊದ್ದು ಆಚೆ ತಿರುಗಿ ಮಲಗಿದ. ನನಗೆ ಅಳು ಬಂತು. ಮತ್ತೆ ಬದುವಿನ ಮೇಲೆಯೇ ಹೆರಿಗೆ, ಅದೂ ಇವನ ಹಟಕ್ಕೆ ಎಂದು ಹೊಟ್ಟೆ ಸವರಿಕೊಂಡು ಕೂತೆ.

ಸೋಮವಾರ ಊರೇ ನೆರೆದಿತ್ತು. ಕರಿಯಣ್ಣನ ತಟ್ಟೆ ನೇರವಾಗಿ ಹೋಗಿ ಒಂಟಿ ಬೇವಿನ ಮರದ ಬುಡದಲ್ಲಿ ಕೂತಿತು. ಅಷ್ಟು ದೂರ ಅವನು ಯಾವತ್ತೂ ಎಸೆದಿರಲಿಲ್ಲ. ನನ್ನ ಬೆನ್ನಿನಲ್ಲಿ ಆಗಲೇ ಸಣ್ಣಗೆ ನೋವು ಶುರುವಾಗಿತ್ತು. ನಾನು ಕೋಲು ಊರಿಕೊಂಡು ನಿಂತೇ ಇದ್ದೆ.

ನನ್ನ ಗಂಡ ಮುಂದೆ ಬಂದ. ಬಲಗಡೆ ನಿಂತಿದ್ದವರೆಲ್ಲ ನಗುತ್ತ ದೂರ ಸರಿದರು. ಅವನು ತಟ್ಟೆ ಹಿಡಿದ, ತಿರುಗಿ ನನ್ನನ್ನೊಮ್ಮೆ ನೋಡಿದ, ಆಮೇಲೆ ಎಡಗಡೆಯ ಅಂಚನ್ನು ನೆಲದ ಕಡೆಗೆ ಓರೆ ಮಾಡಿದ. ಈಗ ನಗು ಎಡಗಡೆಯವರ ಬಾಯಿಗೂ ಹಬ್ಬಿತು. “ತಿಮ್ಮರಾಯಾ, ಕೋಳಿಗೆ ಕಾಳು ಚೆಲ್ತೀಯೇನಪ್ಪ?” ಎಂದು ಯಾರೋ ಕೂಗಿದರು.

ಇದ್ದ ಕಸುವನ್ನೆಲ್ಲ ಹಾಕಿ ಬೀಸಿದ. ತಟ್ಟೆ ಎಡಕ್ಕೆ ಓರೆಯಾಗಿಯೇ ಹೊರಟಿತು. ಹೋಗುತ್ತ ಹೋಗುತ್ತ ತನ್ನಷ್ಟಕ್ಕೆ ಎದ್ದು ಸಮನಾಯಿತು. ಸಮನಾದದ್ದು ಹಾಗೇ ತೇಲಿತು, ಬೇವಿನ ಮರ ದಾಟಿತು, ಗೌಡರ ತೋಟದ ತಂತಿ ದಾಟಿತು, ತೆಂಗಿನ ಸಾಲಿನೊಳಗೆ ಹೋಗಿ ಕಣ್ಣಿಗೆ ಮರೆಯಾಯಿತು.

ಗೌಡರು ಹತ್ತಿರ ಬಂದು, “ಯಾರು ಹೇಳಿಕೊಟ್ಟರಪ್ಪ ಇದನ್ನ?” ಎಂದರು. ಹೆಂಡತಿ ಹೇಳಿದಂತೆ ಮಾಡಿದೆ ಎಂದು ಒಪ್ಪಿಕೊಂಡ ಗಂಡಸನ್ನು ನಮ್ಮ ಕುರಿಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ತಾನೇ ಕಂಡುಹಿಡಿದೆ ಅನ್ನುತ್ತಾನೆ, ಅನ್ನಲಿ, ಸೂರು ಸಿಕ್ಕಿತಲ್ಲ ಎಂದುಕೊಂಡೆ.

“ಅಕಾ, ಅವಳು” ಎಂದು ಎಲ್ಲರೆದುರು ಕೈ ತೋರಿಸಿದ. “ಪಂಪಿನ ಮನೆಯಾಗೆ ಒಂದು ಚಾಪೆ ಹಾಕಿಸ್ರಿ ಗೌಡ್ರೆ. ಬೆಳಿಗ್ಗೆಯಿಂದ ಬೆನ್ನು ಹಿಡ್ಕಂಡು ನಿಂತವಳೆ. ಕುರಿ ಆಮ್ಯಾಕೆ ಬರ್ತಾವೆ.”