ರೇಷ್ಮೆ ಕೌಂಟರಿನ ಕುರ್ಚಿ

ಗಿಳಿ ಹಸಿರಿನ ಸೀರೆಯನ್ನು ಹೆಗಲ ಮೇಲೆ ಹರಡಿಕೊಂಡು ಹೆಂಡತಿ ಕನ್ನಡಿ ನೋಡುತ್ತಿರುವಾಗ, ಗಂಡ ಅತ್ತಿತ್ತ ಕಣ್ಣಾಡಿಸಿ, ಕೌಂಟರಿನ ಪಕ್ಕದ ನೀಲಿ ಕುರ್ಚಿಯ ಮೇಲೆ ಹೋಗಿ ಕೂತುಬಿಟ್ಟ. ಕೂತವನು ಚಪ್ಪಲಿಯಿಂದ ಪಾದ ಬಿಡಿಸಿಕೊಂಡು ಫೋನು ತೆಗೆದ. ಹೆಂಡತಿಯ ಜೊತೆ ಸೀರೆ ಅಂಗಡಿಗೆ ಬಂದ ಗಂಡಸಿಗೆ ಮೊದಲು ಬೇಕಾಗುವುದು ಕೂರುವ ಜಾಗ. ಬಿಲ್ಲಿನ ಚಿಂತೆ ಆಮೇಲಿನದು.

"ನೋಡಕ್ಕ, ನಿನ್ನ ಕುರ್ಚಿ ಹೋತು," ಎಂದಳು ಪಕ್ಕದ ಕೌಂಟರಿನ ಸುವರ್ಣಾ, ಮಡಿಕೆ ಬಿಚ್ಚುತ್ತಿದ್ದ ಸೀರೆಯ ಮರೆಯಿಂದ.

ಆ ಹೆಂಗಸಿಗೆ ಸೀರೆ ತೋರಿಸುತ್ತಿದ್ದ ವಿಜಯಶ್ರೀಗೆ ನಗು ಬರಲಿಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಇಳಿಸುವವರೆಗೆ ನಿಂತೇ ಇರುವ ಹೆಂಗಸರಿಗೆಂದು, ಯಜಮಾನರ ಸೊಸೆ ರಮ್ಯ ಹೋದ ತಿಂಗಳು ಪ್ರತಿ ಕೌಂಟರಿಗೂ ಒಂದೊಂದು ಕುರ್ಚಿ ಹಾಕಿಸಿದ್ದಳು. ಗಿರಾಕಿ ಇಲ್ಲದಾಗ ಯಾರು ಬೇಕಾದರೂ ಕೂರಬಹುದು ಎಂದು ಎಲ್ಲರನ್ನೂ ಕರೆದು ಹೇಳಿದ್ದಳು. ಅವತ್ತು ಎಲ್ಲರಿಗೂ ಬಾದಾಮಿ ಹಾಲು ಕೊಟ್ಟಿದ್ದರು. ಕುರ್ಚಿಯ ಮೇಲೆ ಕೂತ ಫೋಟೋ ಕೂಡ ತೆಗೆದಿದ್ದರು. ವಿಜಯಶ್ರೀ ಆ ಕುರ್ಚಿಯ ಮೇಲೆ ಕೂತದ್ದು ಆ ಫೋಟೋಕ್ಕೆ ಮಾತ್ರ.

ಯಾರೂ ಬೇಡ ಎಂದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಆ ಪೂಜಾರಿ ಯಾರೆಂಬುದೇ ಗೊತ್ತಾಗುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದ ಗಿರಾಕಿ, ಎದುರಿಗೆ ಯಾರು ಕೈ ಮುಗಿದು ನಿಂತಿರುತ್ತಾರೋ ಅವರ ಕೌಂಟರಿಗೆ ಹೋಗುವುದು ಈ ಅಂಗಡಿಯ ರೂಢಿ. ಕೂತವಳು ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಾಕಿ ಪಕ್ಕದವಳ ಪಾಲಾಗಿರುತ್ತಾಳೆ, ಅವಳ ಜೊತೆ ಕಮಿಷನ್ನೂ. ಇನ್ನು ತಲೆಯ ಮೇಲೆ ಕ್ಯಾಮೆರಾ. ಯಜಮಾನರಾದ ಮುನಿವೆಂಕಟಪ್ಪನವರು ಅತ್ತಿಗುಪ್ಪೆಯ ಮನೆಯಲ್ಲಿ ಊಟ ಮುಗಿಸಿ, ಬೇರೆ ಮುದುಕರು ಧಾರಾವಾಹಿ ನೋಡುವ ಹಾಗೆ ಫೋನಿನಲ್ಲಿ ತಮ್ಮ ಅಂಗಡಿಯನ್ನು ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೆಲಸದವರು ನಿಂತಿದ್ದರೆ ಅಂಗಡಿಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆ ಎಂಬುದು ಅವರು ಯಾವಾಗಲೂ ಹೇಳುವ ಮಾತು.

ವಿಜಯಶ್ರೀಯ ಎಡಗಾಲಿನ ನರಗಳು ಉಬ್ಬಿಕೊಂಡು ಎರಡು ವರ್ಷವಾಗಿತ್ತು. ಈ ಬೇಸಿಗೆಯಲ್ಲಿ ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ, ಕೆರೆದು, ಹುಣ್ಣಾಯಿತು. ಹುಣ್ಣು ಮಾಯುತ್ತಲೇ ಇರಲಿಲ್ಲ. ಚಂದ್ರಾ ಲೇಔಟಿನ ಡಾಕ್ಟರಮ್ಮ ಪಟ್ಟಿ ಕಟ್ಟಿ, "ಗಂಟೆಗೊಂದ್ಸಲ ಆದ್ರೂ ಕೂತ್ಕೊಂಡು ಕಾಲು ಮೇಲೆ ಇಟ್ಕೊಳ್ಳಿ. ಹೀಗೇ ನಿಂತ್ಕೊಂಡಿದ್ರೆ ಇದು ಯಾವತ್ತೂ ವಾಸಿ ಆಗಲ್ಲ," ಎಂದಿದ್ದರು. "ಹೂಂರಿ" ಎಂದು ತಲೆಯಾಡಿಸಿ ಬಂದವಳು ಮರುದಿನ ಬೆಳಿಗ್ಗೆ ಬಂದು ಅದೇ ಜಾಗದಲ್ಲಿ ನಿಂತಿದ್ದಳು.

ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬೈಯುತ್ತಾರೆಂಬ ಹೆದರಿಕೆ ಅವಳಿಗಿರಲಿಲ್ಲ. ಕನಿಕರಪಡುತ್ತಾರೆ ಎಂಬುದೇ ಅವಳ ಹೆದರಿಕೆ. ಹಿಂದೆ ಇದೇ ಕೌಂಟರಿನಲ್ಲಿದ್ದ ಅಕ್ಕಯ್ಯಮ್ಮನಿಗೆ ಮಂಡಿ ನೋವು ಬಂದಾಗ ಯಜಮಾನರು ತಾವಾಗಿಯೇ ಕರೆದು, "ಪಾಪ, ನಿಂತ್ಕಂಡು ಯಾಕ್ ಒದ್ದಾಡ್ತೀಯ. ಕೆಳಗಡೆ ಕುಂತ್ಕಂಡು ಸೀರೆ ಮಡಚು," ಎಂದಿದ್ದರು. ಕೆಳಗಡೆ ಎಂದರೆ ಗೋಡೌನು. ಅಲ್ಲಿ ಟ್ಯೂಬ್‌ಲೈಟು, ಪೆಟ್ಟಿಗೆಗಳು, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಸೀರೆಗಳ ರಾಶಿ. ಗಿರಾಕಿ ಇಲ್ಲ, ಕಮಿಷನ್ನಿಲ್ಲ, ಮಾತಾಡಲು ಒಂದು ನರಪಿಳ್ಳೆಯಿಲ್ಲ. ಅಕ್ಕಯ್ಯಮ್ಮ ದೀಪಾವಳಿಯವರೆಗೆ ಮಡಚಿದಳು. ಆಮೇಲೆ ಬರುವುದನ್ನು ಬಿಟ್ಟಳು. ಅವಳನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ.

ಗೋಕಾಕದ ಕಡೆಯಿಂದ ಬಂದು ಈ ಊರಲ್ಲಿ ಕಾಲೂರಿದ ವಿಜಯಶ್ರೀಗೆ ರೇಷ್ಮೆ ಕೌಂಟರೇ ಮನೆಯ ಬಾಡಿಗೆ, ಮಗಳ ಕಾಲೇಜು, ಎಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನಿಂತಾಗ ಅವಳು ಏನೋ ಆಗಿದ್ದಳು. "ಆ ಬೆಳಗಾವಿ ಕಡೆಯವರು ಇಲ್ವಾ?" ಎಂದು ಹುಡುಕಿಕೊಂಡು ಬರುವ ಗಿರಾಕಿಗಳಿದ್ದರು. ಯಜಮಾನರ ಮೇಲೆ ಸಿಟ್ಟಾಗಲೂ ಅವಳಿಗೆ ಬರುತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಸಂಬಳ ಕೊಟ್ಟು, ಮನೆಗೆ ಅಕ್ಕಿ ಬೇಳೆ ಕಳಿಸಿದವರು ಅವರು. ಉಂಡ ಮನೆಗೆ ಎರಡು ಬಗೆಯಲಾದೀತೆ? ಹಾಗಾಗಿ ಅವಳು ಎಡಗಾಲನ್ನು ಬಲಗಾಲಿಗೆ ಒರಗಿಸಿ, ಹೊಟ್ಟೆಯನ್ನು ಕೌಂಟರಿಗೆ ಆನಿಸಿ, ನಗುತ್ತ ಸೀರೆ ಬಿಚ್ಚುತ್ತಿದ್ದಳು.

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಗಿಳಿ ಹಸಿರು ಬೇಡವಾಗಿ, ಬದನೆ ಬಣ್ಣ ಬೇಡವಾಗಿ, ಕೊನೆಗೆ ಆ ಹೆಂಗಸು ಮೊದಲು ನೋಡಿದ ಸೀರೆಯನ್ನೇ ಆರಿಸಿದಳು. ಗಂಡ ನಿಟ್ಟುಸಿರು ಬಿಟ್ಟು ಎದ್ದ. ಖಾಲಿಯಾದ ಕುರ್ಚಿಯನ್ನು ಸುವರ್ಣಾ ಕಾಲಿನಿಂದ ವಿಜಯಶ್ರೀಯ ಕಡೆ ತಳ್ಳಿದಳು.

"ಕುಂದ್ರಕ್ಕ. ಮುಖ ಬಾಡೇತಿ ನಿಂದು."

"ನೀ ಕುಂದ್ರು."

"ನಂಗೇನ್ ಆಗೇತಿ? ನಾ ಯಾಕ್ ಕುಂದರ್ಲಿ?"

"ನಂಗರ ಏನ್ ಆಗೇತಿ?" ಎಂದಳು ವಿಜಯಶ್ರೀ, ಸ್ವಲ್ಪ ಜೋರಾಗಿಯೇ. ಸುವರ್ಣಾ ಅವಳ ಮುಖ ನೋಡಿ ಮತ್ತೆ ಸೀರೆ ಮಡಚತೊಡಗಿದಳು. ಅಷ್ಟರಲ್ಲಿ ಮಧ್ಯದ ಮಹಡಿಯ ಆಫೀಸಿನಿಂದ ಕರೆ ಬಂತು. ಮೇಡಂ ಕರೆಯುತ್ತಿದ್ದಾರೆ.

ರಮ್ಯಳ ಕೋಣೆ ಚಿಕ್ಕದು. ಅವಳ ಕಡೆ ಚಕ್ರದ ಕುರ್ಚಿ, ಮೇಜಿನ ಈಚೆ ಎರಡು ಕುರ್ಚಿ, ಗೋಡೆಗೆ ಮಾವನವರು ಅಂಗಡಿ ಉದ್ಘಾಟನೆ ಮಾಡಿದ ಫೋಟೋ. "ಬನ್ನಿ ವಿಜಯಶ್ರೀ ಅವ್ರೇ, ಕೂತ್ಕೊಳ್ಳಿ," ಎಂದಳು ರಮ್ಯ. ವಿಜಯಶ್ರೀ ನಿಂತೇ ಇದ್ದಳು. ರಮ್ಯ ಎದ್ದುಬಂದು ಕುರ್ಚಿ ಎಳೆದು, "ಕೂತ್ಕೊಳ್ಳೋವರೆಗೂ ನಾನು ಮಾತಾಡಲ್ಲ," ಎಂದಳು. ಬೇರೆ ದಾರಿಯಿರಲಿಲ್ಲ. ಕೂತಳು. ಕಾಲಿನಿಂದ ಏನೋ ಭಾರ ಇಳಿದು ನೆಲಕ್ಕೆ ಹೋದಂತಾಯಿತು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕಷ್ಟಪಟ್ಟು ತೆರೆದಳು.

"ನಾನು ಯಾವ್ದೋ ಹೋಟೆಲಲ್ಲಿ ಟ್ರೈನಿಂಗಿಗೆ ಹೋಗಿ ಬಂದು ತಲೆ ತಿಂತಿದೀನಿ ಅಂತ ಎಲ್ರೂ ಅನ್ಕೊಂಡಿದೀರ, ಅಲ್ವಾ?" ಎಂದಳು ರಮ್ಯ. "ಕುರ್ಚಿ ತರ್ಸಿ ಒಂದು ತಿಂಗಳಾಯ್ತು. ಒಬ್ರೂ ಕೂರಲ್ಲ. ಯಾಕೆ ಅಂತ ಕೇಳಿದ್ರೆ ಎಲ್ರೂ ನಗ್ತಾರೆ. ನೀವು ಸೀನಿಯರ್. ನೀವು ಕೂತ್ರೆ ಉಳಿದೋರು ಕೂರ್ತಾರೆ. ನಿಜ ಹೇಳಿ, ಏನು ತೊಂದ್ರೆ?"

"ಏನೂ ಇಲ್ರಿ ಮೇಡಂ. ರೂಢಿ ಆಗೇತ್ರಿ."

"ಮಾವ ಏನಾದ್ರೂ ಅಂದ್ರಾ?"

"ಇಲ್ರಿ, ಇಲ್ರಿ. ಅವ್ರು ದೇವ್ರಂಥವ್ರು."

ರಮ್ಯ ಏನೋ ಹೇಳಹೊರಟವಳು ನಿಲ್ಲಿಸಿದಳು. ಅವಳ ಕಣ್ಣು ಕೆಳಗೆ ಹೋಗಿತ್ತು. ಕೂತ ಸುಖಕ್ಕೆ ವಿಜಯಶ್ರೀ ಮೈಮರೆತು ಎಡಗಾಲನ್ನು ಮುಂದೆ ಚಾಚಿದ್ದಳು. ಸೀರೆ ಸ್ವಲ್ಪ ಮೇಲೆ ಸರಿದು ಪಟ್ಟಿ ಕಾಣುತ್ತಿತ್ತು. ಪಟ್ಟಿಯ ಮೇಲೆ ಹಳದಿಗೆಂಪು ಕಲೆ ಒದ್ದೆಯಾಗಿಯೇ ಇತ್ತು.

"ಏನಿದು?"

ವಿಜಯಶ್ರೀ ಕಾಲೆಳೆದುಕೊಂಡಳು. ಇನ್ನು ಮುಚ್ಚಿಡುವಂತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಹೇಳಿ ಎರಡೂ ಕೈ ಜೋಡಿಸಿದಳು. "ಯಾರಿಗೂ ಹೇಳಬ್ಯಾಡ್ರಿ. ನನ್ನ ಕೆಳಗ ಕಳಿಸಬ್ಯಾಡ್ರಿ ಮೇಡಂ. ಅಕ್ಕಯ್ಯಮ್ಮನಂಗ ನಾನೂ ಅಲ್ಲಿ ಹೂತು ಹೋಗ್ತೀನ್ರಿ. ನಾ ನಿಂದರ್ತೀನಿ. ನಂಗ ಆಗ್ತೇತಿ."

"ಯಾರು ನಿಮ್ಮನ್ನ ಕೆಳಗೆ..." ಎಂದು ಶುರುಮಾಡಿದ ರಮ್ಯ ಚಕ್ಕನೆ ಎದ್ದು ನಿಂತಳು. ವಿಜಯಶ್ರೀಯೂ ಎದ್ದು ನಿಂತಿದ್ದಳು. ಇಬ್ಬರಲ್ಲಿ ಯಾರು ಮೊದಲು ಎದ್ದರೆಂದು ಹೇಳುವುದು ಕಷ್ಟ. ಬಾಗಿಲಲ್ಲಿ ಮುನಿವೆಂಕಟಪ್ಪನವರು ನಿಂತಿದ್ದರು, ಕೈಯಲ್ಲಿ ಬಟ್ಟೆ ಚೀಲ.

"ತೋಟದ್ ಸೀಬೆಹಣ್ಣು. ಹುಡ್ಗೀರಿಗೆಲ್ಲ ಕೊಡಮ್ಮ," ಎನ್ನುತ್ತ ಅವರು ವಿಜಯಶ್ರೀ ಎದ್ದ ಕುರ್ಚಿಯ ಮೇಲೆ ಚೀಲ ಇಟ್ಟರು. ಪಕ್ಕದ ಕುರ್ಚಿಯಲ್ಲಿ ತಾವು ಕೂತರು. "ಕುಂತ್ಕಳಿ, ಕುಂತ್ಕಳಿ. ಯಾಕ್ ಎದ್ರಿ?" ಎಂದರು. ಮನಸಾರೆ ಹೇಳಿದ ಮಾತೇ ಅದು. ಅದನ್ನು ಕೇಳಿ ಆ ಮನೆಯಲ್ಲಾಗಲಿ, ಈ ಅಂಗಡಿಯಲ್ಲಾಗಲಿ ಕೂತವರನ್ನು ಮಾತ್ರ ಯಾರೂ ಕಂಡಿರಲಿಲ್ಲ. ರಮ್ಯ ಮದುವೆಯಾಗಿ ಬಂದು ಎಂಟು ವರ್ಷವಾಗಿತ್ತು. ಎಂಬಿಎ ಓದಿದವಳು, ಅಂಗಡಿಯ ಲೆಕ್ಕವೆಲ್ಲ ಅವಳದೇ, ಸಹಿಯೂ ಅವಳದೇ. ಮಾವನೆದುರು ಅವಳು ಒಂದು ದಿನವೂ ಕೂತಿರಲಿಲ್ಲ. ಕೂರಬೇಡ ಎಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಧರ್ಮಾವರದ ಮಾಲು ಇನ್ನೂ ಬಂದಿಲ್ಲವೆಂದರು. ಕಿಟಕಿ ಪಕ್ಕದ ಸೀರೆಗಳ ಬಣ್ಣ ಬಿಸಿಲಿಗೆ ಹೋಗುತ್ತಿದೆಯೆಂದರು. ಅವರಿಗೆ ಮಾತಿನ ಹುರುಪು ಬಂದಿತ್ತು. ಹೊರಟುಹೋಗೋಣವೆಂದರೆ ಅವರ ಕುರ್ಚಿ ಬಾಗಿಲಿಗೆ ಅಡ್ಡವಾಗಿತ್ತು. ಕೂತೆದ್ದ ಕಾಲಿಗೆ ನೋವು ಮೊದಲಿಗಿಂತ ಎರಡರಷ್ಟಾಗಿ ವಾಪಸು ಬಂದಿತ್ತು. ವಿಜಯಶ್ರೀ ಮೇಜಿನ ಅಂಚನ್ನು ಎರಡು ಬೆರಳಿನಿಂದ ಹಿಡಿದು ನಿಂತಳು. ಹಣೆಯಲ್ಲಿ ಬೆವರು ಮೂಡಿದ್ದು ಅವಳಿಗೇ ತಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಂದಂಗೆ, ಕುರ್ಚಿ ಹಾಕ್ಸಿದ್ದು ಒಳ್ಳೇದೇ ಆಯ್ತು ಕಣಮ್ಮ," ಎಂದರು ಮುನಿವೆಂಕಟಪ್ಪನವರು ಸೊಸೆಗೆ. "ಬಂದೋರು ಹೊಗಳ್ತಾರೆ. ನಾನೂ ಫೋನಲ್ಲಿ ನೋಡ್ತಿರ್ತೀನಲ್ಲ, ಕುರ್ಚಿ ಪಕ್ಕದಲ್ಲೇ ಇದ್ರೂ ಒಬ್ರೂ ಕುಂತ್ಕಳಲ್ಲ. ನಮ್ ಹುಡ್ಗೀರು ಅಂಥೋರು." ಅವರ ದನಿಯಲ್ಲಿ ಹೆಮ್ಮೆಯಿತ್ತು. ವಿಜಯಶ್ರೀಯ ಕಡೆ ತಿರುಗಿ ನಕ್ಕರು. ಅವಳೂ ನಕ್ಕಳು.

ರಮ್ಯ ನಗಲಿಲ್ಲ. ಅವಳು ತನ್ನ ಚಕ್ರದ ಕುರ್ಚಿಯ ಬೆನ್ನಿಗೆ ಕೈಹಾಕಿ, ಮೇಜಿನ ಮೂಲೆ ಬಳಸಿ ಈಚೆಗೆ ಉರುಳಿಸಿಕೊಂಡು ಬಂದಳು. ಒಂದು ಚಕ್ರ ಕಿರ್ ಎನ್ನುತ್ತಿತ್ತು. ಸೊಸೆ ಏನೋ ಜಾಗ ಮಾಡುತ್ತಿದ್ದಾಳೆಂದುಕೊಂಡು ಮಾವನವರು ಮತ್ತೆ ಧರ್ಮಾವರದ ಮಾತು ತೆಗೆದರು. ಕುರ್ಚಿಯ ಅಂಚು ವಿಜಯಶ್ರೀಯ ಮೊಣಕಾಲ ಹಿಂಭಾಗಕ್ಕೆ ಬಂದು ತಾಗಿತು. ಅವಳು ಒಂದು ಗೇಣು ಮುಂದೆ ಸರಿದಳು. ಕುರ್ಚಿಯೂ ಸರಿಯಿತು. ಮುಂದೆ ಮೇಜು. ಇನ್ನು ಸರಿಯಲು ಜಾಗವಿರಲಿಲ್ಲ.

ಅವಳು ಕೂತಳು.

ಮುನಿವೆಂಕಟಪ್ಪನವರ ಮಾತು ಧರ್ಮಾವರದಲ್ಲೇ ನಿಂತುಹೋಯಿತು. ಅವರು ಸಿಟ್ಟಾಗಲಿಲ್ಲ. ಅವರ ಮುಖದಲ್ಲಿ ಗಾಬರಿಯಿತ್ತು, ಅಕ್ಕಯ್ಯಮ್ಮನನ್ನು ಕರೆದ ದಿನ ಇದ್ದಂಥದೇ ಕನಿಕರವಿತ್ತು.

"ಯಾಕವ್ವ, ಹುಷಾರಿಲ್ವಾ? ಮೊದ್ಲೇ ಹೇಳ್ಬಾರ್ದಾ? ಪಾಪ, ಹಬ್ಬ ಕಳೀಲಿ, ನಿನ್ನ ಕೆಳಗಡೆ..."

ವಿಜಯಶ್ರೀ ದಡಬಡಿಸಿ ಏಳಹೋದಳು. ಅರ್ಧ ಎದ್ದವಳ ಭುಜದ ಮೇಲೆ ಒಂದು ಕೈ ಬಿತ್ತು. ಬಿದ್ದು, ಕೆಳಕ್ಕೆ ಒತ್ತಿತು.

"ಹುಷಾರಾಗೇ ಇದಾರೆ ಮಾವ," ಎಂದಳು ರಮ್ಯ. ದನಿ ಸಣ್ಣದಾಗಿತ್ತು. "ಸುಮ್ನೆ ಕೂತಿದಾರೆ."

ಮುನಿವೆಂಕಟಪ್ಪನವರು ಕೂತವಳನ್ನು ಬಿಟ್ಟು ನಿಂತಿದ್ದ ಸೊಸೆಯನ್ನು ನೋಡಿದರು. ಆಮೇಲೆ ಆ ಕೈಯನ್ನು ನೋಡಿದರು. ಆದರೆ ಒತ್ತುವುದನ್ನು ಅದು ಬಿಡಲಿಲ್ಲ.

ಪಕ್ಕದ ಕುರ್ಚಿಯ ಮೇಲೆ ಚೀಲ ವಾಲಿತು. ಒಂದು ಸೀಬೆಹಣ್ಣು ಅದರ ಬಾಯಿಂದ ಜಾರಿ ನೆಲಕ್ಕೆ ಬಿದ್ದು, ಉರುಳಿ, ಯಜಮಾನರ ಚಪ್ಪಲಿಯ ಹತ್ತಿರ ನಿಂತಿತು. ಅದನ್ನು ಎತ್ತಿಕೊಡಲು ಮೂವರಲ್ಲಿ ಯಾರೂ ಬಗ್ಗಲಿಲ್ಲ.